ಡೇಟ್ ಮುಗಿದ ಪೊಟ್ಟಣ: ತಿನ್ನೋದಾ, ಎಸೆಯೋದಾ?

ಹೋದ ಏಪ್ರಿಲ್‌ನಲ್ಲಿ ಐದು ದಿನ ಊರಿಗೆ ಹೋಗಿದ್ದೆವು. ಮೈಸೂರಿನ ಮನೆಗೆ ವಾಪಸ್ ಬಂದು ಬ್ಯಾಗ್ ಇಟ್ಟವಳೇ ಅಮ್ಮ ಸೀದಾ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಪೊಟ್ಟಣ ಹಿಡಿದುಕೊಂಡು ಹೊರಗೆ ಬಂದಳು. ಒಂದು ಅರ್ಧ ಕೆಜಿ ಉಪ್ಪಿಟ್ಟು ರವೆ, ಡೇಟ್ ಮುಗಿದು ಎರಡು ತಿಂಗಳು. ಇನ್ನೊಂದು 200 ಗ್ರಾಂ ಪನ್ನೀರ್, ಡೇಟ್ ಮುಗಿದು ಎರಡೇ ದಿನ.

"ಈ ರವೆ ಎಸೀತೀನಿ ಕಣೇ, ಎರಡು ತಿಂಗಳಾಗಿದೆ. ಪನ್ನೀರ್ ಎರಡೇ ದಿನ ತಾನೆ, ರಾತ್ರಿಗೆ ಮಾಡ್ತೀನಿ. ಚೆನ್ನಾಗಿ ಹುರಿದ್ರೆ ಏನೂ ಆಗಲ್ಲ."

"ಅಮ್ಮ, ಉಲ್ಟಾ ಮಾಡ್ತಿದ್ದೀಯ. ಪನ್ನೀರ್ ಕಸಕ್ಕೆ ಹಾಕು, ರವೆ ಇಲ್ಲಿ ಕೊಡು" ಅಂದೆ.

ಅಮ್ಮನಿಗೆ ಬೇಜಾರಾಯಿತು. ನೂರು ರೂಪಾಯಿ ಸಾಮಾನು ಸುಮ್ನೆ ಎಸೆಯೋದು ಯಾರಿಗೆ ಇಷ್ಟ? ಆದರೆ ಅವಳು ನೋಡಿದ್ದು ಕಳೆದ ದಿನಗಳ ಲೆಕ್ಕ ಮಾತ್ರ. ಡೇಟ್ ಮುಗಿದ ತಿಂಡಿಯ ವಿಷಯದಲ್ಲಿ ಆ ಲೆಕ್ಕ ಕೊನೆಗೆ ಬರಬೇಕು. ಅದಕ್ಕೂ ಮೊದಲು ನೋಡಬೇಕಾದವು ಬೇರೆ ಇವೆ. ನಮ್ಮನೆಯಲ್ಲಿ ನಾನು ನೋಡುವ ಕ್ರಮ ಇದು.

ಮೊದಲು: ಯಾವ ಡೇಟು?

ಪೊಟ್ಟಣದ ಮೇಲೆ ಬರುವ ಮಾತುಗಳು ಎರಡು ಥರ. ಯೂಸ್ ಬೈ ಅಥವಾ ಎಕ್ಸ್‌ಪೈರಿ ಅಂದರೆ, ಹೇಳಿದ ಹಾಗೆ ಇಟ್ಟಿದ್ದರೂ ಆ ದಿನದ ನಂತರ ಅದು ಸುರಕ್ಷಿತ ಅನ್ನುವ ಭರವಸೆ ಇಲ್ಲ. ಆಮೇಲೆ ಅಂಗಡಿಯವರು ಅದನ್ನು ಮಾರುವ ಹಾಗೂ ಇಲ್ಲ. ಬೆಸ್ಟ್ ಬಿಫೋರ್ ಅನ್ನೋದು ರುಚಿ, ಗರಿಗರಿ, ಘಮದ ಲೆಕ್ಕ. ಆ ದಿನ ದಾಟಿದರೂ ತಿನ್ನೋದಕ್ಕೆ ಸರಿಯಾಗೇ ಇರಬಹುದು, ಮೊದಲಿನ ರುಚಿ ಇರಲಿಕ್ಕಿಲ್ಲ.

ತೊಡಕು ಇರುವುದು ಇಲ್ಲೇ. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ಲೇಬಲ್ ನಿಯಮದ ಪ್ರಕಾರ ತಯಾರಾದ ದಿನ ಮತ್ತು ಎಕ್ಸ್‌ಪೈರಿ ಅಥವಾ ಯೂಸ್ ಬೈ ಡೇಟ್ ಹಾಕುವುದು ಕಡ್ಡಾಯ. ಬೆಸ್ಟ್ ಬಿಫೋರ್ ಹಾಕುವುದು ಕಂಪನಿಯ ಇಷ್ಟ. ಬ್ರಿಟನ್‌ನಲ್ಲಿ ಹಾಗಲ್ಲ. ಅಲ್ಲಿ ಬೇಗ ಕೆಟ್ಟು ಕಾಯಿಲೆ ತರಬಲ್ಲ ಪದಾರ್ಥಕ್ಕೆ ಮಾತ್ರ ಯೂಸ್ ಬೈ, ಬಿಸ್ಕತ್ತು ಹಿಟ್ಟಿನಂಥವಕ್ಕೆ ಬೆಸ್ಟ್ ಬಿಫೋರ್. ನಮ್ಮಲ್ಲಿ ರವೆ ಪೊಟ್ಟಣಕ್ಕೂ ಪನ್ನೀರ್ ಪೊಟ್ಟಣಕ್ಕೂ ಒಂದೇ ಪದ ಬೀಳುತ್ತದೆ. ಎರಡರ ಅಪಾಯ ಒಂದೇ ಅಲ್ಲ ಅಂತ ಲೇಬಲ್ ಹೇಳುವುದಿಲ್ಲ, ನಾವೇ ತಿಳಿದುಕೊಂಡಿರಬೇಕು.

ಡೇಟ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಇಷ್ಟು ಡಿಗ್ರಿಗಿಂತ ಕೆಳಗೆ ಇಡಿ, ತೆರೆದ ಮೇಲೆ ಇಷ್ಟು ದಿನದೊಳಗೆ ಬಳಸಿ ಅಂತ. ಅದನ್ನು ತಪ್ಪದೆ ಓದಿ. ಕತ್ತರಿ ಹಾಕಿದ ಕ್ಷಣದಿಂದ ದೊಡ್ಡ ಡೇಟ್ ಲೆಕ್ಕಕ್ಕಿಲ್ಲ, ಈ ಸಣ್ಣ ಸಾಲೇ ಲೆಕ್ಕ. ನಮ್ಮನೆಯಲ್ಲಿ ಪೊಟ್ಟಣ ತೆರೆದ ದಿನವನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆಯುತ್ತೇವೆ.

ಬಿಡಿಯಾಗಿ ಮಾರುವ ಸಿಹಿತಿಂಡಿಗೂ ಬೆಸ್ಟ್ ಬಿಫೋರ್ ಡೇಟ್ ತೋರಿಸಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಟ್ರೇ ಮುಂದೆ ಚೀಟಿ ಕಾಣದಿದ್ದರೆ ಕೇಳಿ. ಹಾಲಿನ ಸಿಹಿಯಾದರೆ ಖಂಡಿತ ಕೇಳಿ.

ಆಮೇಲೆ: ಪೊಟ್ಟಣ ಎಲ್ಲೆಲ್ಲಿ ಇತ್ತು?

ಕಂಪನಿ ಡೇಟ್ ಹಾಕುವಾಗ ಒಂದು ನಂಬಿಕೆ ಇಟ್ಟುಕೊಂಡಿರುತ್ತದೆ: ತಣ್ಣಗಿಡಬೇಕಾದ್ದು ಕೊನೇವರೆಗೂ ತಣ್ಣಗೇ ಇತ್ತು ಅಂತ. ಅದು ತಪ್ಪಿದರೆ ಡೇಟ್ ಮುಗಿಯದಿದ್ದರೂ ಆ ಪೊಟ್ಟಣ ಕೆಟ್ಟಿರಬಹುದು.

ಪನ್ನೀರ್ ವಿಷಯದಲ್ಲಿ ನನಗೆ ಅನುಮಾನ ಬಂದದ್ದು ಫ್ರೀಜರ್‌ನ ಐಸ್ ನೋಡಿ. ಹೋಗುವ ಮುಂಚೆ ಟ್ರೇಯಲ್ಲಿ ಬಿಡಿ ಬಿಡಿ ಐಸ್ ತುಂಡುಗಳು ಇದ್ದವು. ಅವುಗಳಲ್ಲಿ ಅರ್ಧವನ್ನು ನಾನೇ ಬಿಡಿಸಿ ಒಂದು ಬಟ್ಟಲಿಗೆ ಹಾಕಿ ಫ್ರೀಜರ್‌ನಲ್ಲೇ ಇಟ್ಟಿದ್ದೆ. ಬಂದು ನೋಡಿದರೆ ಬಟ್ಟಲಿನಲ್ಲಿ ಒಂದೇ ಗಟ್ಟಿ ಗಡ್ಡೆ. ಅಂದರೆ ಕರಗಿ, ಮತ್ತೆ ಹೆಪ್ಪುಗಟ್ಟಿದೆ. ಎದುರುಮನೆಯವರನ್ನು ಕೇಳಿದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಒಂದು ರಾತ್ರಿ, ಮಾರನೇ ದಿನ ಮಧ್ಯಾಹ್ನದವರೆಗೂ ಕರೆಂಟ್ ಇರಲಿಲ್ಲವಂತೆ. ಬಾಗಿಲು ತೆಗೆಯದೆ ಇದ್ದರೂ ಫ್ರಿಜ್ ತಣ್ಣಗಿರುವುದು ಸುಮಾರು 4 ಗಂಟೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುತ್ತದೆ. ನಮ್ಮ ಫ್ರೀಜರ್‌ನಲ್ಲಿ ಆ ಬಟ್ಟಲು, ಟ್ರೇ ಬಿಟ್ಟರೆ ಏನೂ ಇರಲಿಲ್ಲ, ಅದಕ್ಕೇ ಬೇಗ ಕರಗಿತ್ತು. ಕೆಳಗಿನ ಪನ್ನೀರ್ ಏಪ್ರಿಲ್ ಸೆಕೆಯಲ್ಲಿ ಎಷ್ಟೋ ಗಂಟೆ ಬೆಚ್ಚಗೆ ಕೂತಿತ್ತು.

ಈಗ ಊರಿಗೆ ಹೋಗುವ ಮುಂಚೆ ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗುತ್ತೇನೆ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕೆ ಇಳಿದಿದ್ದರೆ ಎಲ್ಲಾ ಕರಗಿತ್ತು ಅಂತ ಅರ್ಥ, ಬೇಗ ಕೆಡುವ ಸಾಮಾನು ಕಸಕ್ಕೆ.

ಫ್ರಿಜ್ ನಿಜವಾಗಿ ಎಷ್ಟು ತಣ್ಣಗಿದೆ ಅಂತಲೂ ಒಮ್ಮೆ ಅಳೆಯಿರಿ. ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಫ್ರಿಜ್ 5ಕ್ಕಿಂತ ಕೆಳಗೆ ಇರಬೇಕು, ಫ್ರೀಜರ್ ಮೈನಸ್ 18. ಮಧ್ಯದ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಫ್ರಿಜ್ ಥರ್ಮಾಮೀಟರ್ ಹಾಕಿ, ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ನೋಡಿ. ನಮ್ಮದು 9 ತೋರಿಸಿತು! ಚಳಿಗಾಲದಲ್ಲಿ ತಿರುಗಿಸಿದ ಗುಂಡಿಯನ್ನು ಬೇಸಿಗೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಬಾಗಿಲಿನ ಕಡೆ ಇನ್ನೂ ಬೆಚ್ಚಗಿರುತ್ತದೆ, ಹಾಲಿನ ಪ್ಯಾಕೆಟ್ ಅಲ್ಲಿ ಇಡಬೇಡಿ.

ಮೂಗಿನ ಮಾತು ಎಷ್ಟು ಕೇಳಬೇಕು?

"ವಾಸನೆ ನೋಡು, ಚೆನ್ನಾಗೇ ಇದೆ" ಅನ್ನೋದು ಎಲ್ಲಾ ಮನೆಯ ಮಾತು. ಇದರಲ್ಲಿ ಅರ್ಧ ಸತ್ಯ ಇದೆ. ಆಹಾರ ಹಳಸುವಂತೆ, ಹುಳಿಯಾಗುವಂತೆ, ಲೋಳೆ ಬರುವಂತೆ ಮಾಡುವ ಬ್ಯಾಕ್ಟೀರಿಯಾ ಒಂದು ಗುಂಪು. ನಮ್ಮನ್ನು ಆಸ್ಪತ್ರೆಗೆ ಕಳಿಸುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಥರದವು ಇನ್ನೊಂದು ಗುಂಪು. ಈ ಎರಡನೇ ಗುಂಪು ವಾಸನೆ, ಬಣ್ಣ, ರುಚಿ ಏನೂ ಬದಲಿಸದೆ ಇರಬಲ್ಲದು. ಲಿಸ್ಟೀರಿಯಾ ಅಂತೂ ಫ್ರಿಜ್‌ನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ.

ಹಾಗಾಗಿ ಕೆಟ್ಟ ವಾಸನೆ ಬಂದರೆ ಎಸೆಯಿರಿ, ಅಲ್ಲಿ ಮೂಗನ್ನು ಪೂರ್ತಿ ನಂಬಿ. ವಾಸನೆ ಬರಲಿಲ್ಲ ಅಂದರೆ ಮೂಗಿನ ಕೆಲಸ ಮುಗಿಯಿತು ಅಷ್ಟೇ, ತಿನ್ನೋದಕ್ಕೆ ಒಪ್ಪಿಗೆ ಸಿಕ್ಕ ಹಾಗಲ್ಲ. "ಸ್ವಲ್ಪ ನಾಲಿಗೆಗೆ ಹಚ್ಚಿ ನೋಡ್ತೀನಿ" ಅನ್ನೋದು ಮಾತ್ರ ಬೇಡವೇ ಬೇಡ.

ಅಮ್ಮ ಹೇಳಿದ "ಚೆನ್ನಾಗಿ ಹುರಿದ್ರೆ ಏನೂ ಆಗಲ್ಲ" ಕೂಡ ಹೀಗೇ. ಕಾವು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾ ಸಾಯುವ ಮೊದಲೇ ಆಹಾರದಲ್ಲಿ ವಿಷ ಬಿಟ್ಟಿರುತ್ತವೆ. ಕೈಯಿಂದ, ಗಾಯದಿಂದ ಊಟಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ಪೊಟ್ಟಣ ಉಬ್ಬಿದ್ದರೆ

ಒಳಗೆ ಏನೋ ಬೆಳೆದು ಗ್ಯಾಸ್ ಬಿಟ್ಟಿದೆ ಅಂತ ಅರ್ಥ. ಇದು ತಪ್ಪಾ ಸರಿಯಾ ಅನ್ನೋದು ಒಳಗೆ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ದೋಸೆ ಹಿಟ್ಟಿನ ಪ್ಯಾಕೆಟ್ ಉಬ್ಬುವುದು ಸಹಜ, ಅದು ಹುದುಗಲೆಂದೇ ಮಾಡಿದ ಹಿಟ್ಟು. ಮೇಲೆ ಬೂಷ್ಟು, ಗುಲಾಬಿ ಬಣ್ಣ, ಬೇರೆ ಥರದ ನಾತ ಇಲ್ಲದಿದ್ದರೆ ಹುಳಿ ಜಾಸ್ತಿ ಅಷ್ಟೇ. ಚಿಪ್ಸ್ ಪ್ಯಾಕೆಟ್‌ಗೆ ನೈಟ್ರೋಜನ್ ತುಂಬಿರುತ್ತಾರೆ, ಅದರ ಲೆಕ್ಕ ಬೇರೆ.

ಪನ್ನೀರ್, ಹಾಲು, ಮಾಂಸ, ಮೀನು ಉಬ್ಬಿದರೆ ಮಾತೇ ಇಲ್ಲ. ನಮ್ಮ ಪನ್ನೀರ್ ಪೊಟ್ಟಣದ ಪ್ಲಾಸ್ಟಿಕ್ ಸಾಮಾನ್ಯವಾಗಿ ಚರ್ಮದ ಹಾಗೆ ಅಂಟಿಕೊಂಡಿರುತ್ತದೆ. ಅವತ್ತು ಬೆರಳಿನಿಂದ ಒತ್ತಿದರೆ ದಿಂಬಿನ ಹಾಗೆ ಎದ್ದು ಬರುತ್ತಿತ್ತು. ಮೂಲೆಯಲ್ಲಿದ್ದ ಒಂದೆರಡು ಚಮಚ ನೀರು ಅಕ್ಕಿ ತೊಳೆದ ನೀರಿನಷ್ಟು ಬೆಳ್ಳಗಾಗಿತ್ತು. ತೆರೆಯದೆ ಇನ್ನೊಂದು ಕವರ್‌ನಲ್ಲಿ ಕಟ್ಟಿ ಕಸಕ್ಕೆ ಹಾಕಿದೆ.

ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಳು, ಅಣಬೆ, ಮೀನು ಇವುಗಳ ತಗಡು ಉಬ್ಬಿದ್ದರೆ, ಸೋರುತ್ತಿದ್ದರೆ, ತೆರೆದಾಗ ಚಿಮ್ಮಿದರೆ ತುಂಬಾ ಹುಷಾರು. ಗಾಳಿ ಇಲ್ಲದ, ಹುಳಿ ಇಲ್ಲದ ಜಾಗದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬಿಡುವ ವಿಷ ನರಗಳನ್ನೇ ಹಿಡಿಯುತ್ತದೆ. ಮನೆಯಲ್ಲಿ ಮಾಡಿ ಬಾಟಲಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿದ ಹುಳಿಯಿಲ್ಲದ ಪದಾರ್ಥಕ್ಕೂ ಇದೇ ಮಾತು.

ಹಾಲು

ನಂದಿನಿ ಥರದ ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಅಂದರೆ ಕಾಯಿಲೆ ತರುವ ಬ್ಯಾಕ್ಟೀರಿಯಾ ಸಾಯುವಷ್ಟು ಕಾಯಿಸಿ ತಣ್ಣಗೆ ಮಾಡಿದ್ದು. ಅದರಲ್ಲಿ ಎಲ್ಲಾ ಬ್ಯಾಕ್ಟೀರಿಯಾ ಸತ್ತಿರುವುದಿಲ್ಲ, ಅದಕ್ಕೇ ಡೇಟ್ ಹತ್ತಿರ ಇರುತ್ತದೆ. ಡೇಟ್ ಹಿಂದಿನ ದಿನ ಮುಗಿದಿದೆ, ಫ್ರಿಜ್‌ನಿಂದ ಹೊರಗೆ ಬಂದೇ ಇಲ್ಲ ಅಂದರೆ ಎರಡು ಚಮಚ ಹಾಲನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಿ. ಒಡೆದರೆ ಮುಗಿಯಿತು. ಒಡೆಯದಿದ್ದರೆ ಪೂರ್ತಿ ಉಕ್ಕಿಸಿ ಅವತ್ತೇ ಕಾಫಿಗೆ ಬಳಸುತ್ತೇನೆ. ಎರಡನೇ ದಿನಕ್ಕೆ ಈ ಪ್ರಯತ್ನ ಮಾಡುವುದಿಲ್ಲ. ಹೊರಗೇ ಇದ್ದು ತಾನಾಗಿ ಒಡೆದ ಹಾಲಿನಿಂದ ಪನ್ನೀರ್ ಮಾಡಬೇಡಿ, ಆ ಒಡಕು ಯಾವುದರಿಂದ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಟೆಟ್ರಾ ಪ್ಯಾಕ್ ಹಾಲನ್ನು ಸುಮಾರು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿರುತ್ತಾರೆ. ತೆರೆಯುವವರೆಗೆ ಹೊರಗೇ ತಿಂಗಳುಗಟ್ಟಲೆ ಇರುತ್ತದೆ. ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಹುಳಿಯಾಗದೆ ಕಹಿಯಾಗಿ ಕೆಡುವುದೂ ಉಂಟು, ಆದ್ದರಿಂದ ಹುಳಿ ವಾಸನೆಗಾಗಿ ಕಾಯಬೇಡಿ.

ಮೊಸರು ಹುಳಿ ಬಂದರೆ ಮಜ್ಜಿಗೆಹುಳಿಗೆ ಒಳ್ಳೆಯದೇ. ಮೇಲೆ ಗುಲಾಬಿ, ಹಸಿರು, ಕಪ್ಪು ಚುಕ್ಕೆ ಬಂದರೆ ಇಡೀ ಡಬ್ಬಿ ಹೋಗಬೇಕು.

ರಾತ್ರಿಯ ಅನ್ನ

ಇದಕ್ಕೆ ಪೊಟ್ಟಣವೂ ಇಲ್ಲ, ಡೇಟೂ ಇಲ್ಲ. ಆದರೂ ನಮ್ಮ ಮನೆಗಳಲ್ಲಿ ಜಾಸ್ತಿ ತಪ್ಪುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ರಾತ್ರಿ ಉಳಿದ ಅನ್ನ, ಬೆಳಿಗ್ಗೆ ಚಿತ್ರಾನ್ನ. ನಾನೂ ಹಾಗೇ ಬೆಳೆದವಳು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನದ ಪಾತ್ರೆ ರಾತ್ರಿಯೆಲ್ಲಾ ಕಟ್ಟೆ ಮೇಲೆ ಬೆಚ್ಚಗೆ ಕೂತರೆ ಅವು ಮೊಳೆತು, ಸಾವಿರ ಪಟ್ಟಾಗಿ, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷವನ್ನು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಹೋಗುವುದಿಲ್ಲ. ಸಾಸಿವೆ ಸಿಡಿದು, ಕಡಲೆಬೇಳೆ ಕೆಂಪಾಗುವಷ್ಟು ಒಗ್ಗರಣೆಯ ಕಾವು ಅದಕ್ಕೆ ಏನೂ ಅಲ್ಲ. ನಿಂಬೆರಸ, ಅರಿಶಿನ, ಇಂಗು ಇವೆಲ್ಲಾ ಬಿದ್ದ ಮೇಲೆ ವಾಸನೆಯ ಸುಳಿವೂ ಉಳಿಯುವುದಿಲ್ಲ. ತಿಂದು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದು ಜೀವ ಹೋದದ್ದೂ ಇದೆ.

ಚಿತ್ರಾನ್ನ ಬಿಡಬೇಕಾಗಿಲ್ಲ. ಊಟ ಮುಗಿದ ತಕ್ಷಣ ಉಳಿದ ಅನ್ನವನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡಿ. ಫ್ಯಾನ್ ಕೆಳಗೆ ಹತ್ತು ಹದಿನೈದು ನಿಮಿಷದಲ್ಲಿ ಆರುತ್ತದೆ. ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಒಲೆಯಿಂದ ಇಳಿಸಿ ಎರಡು ಗಂಟೆ ದಾಟಬಾರದು, ಕಡು ಬೇಸಿಗೆಯಲ್ಲಿ ಒಂದೇ ಗಂಟೆ. ಕುಕ್ಕರ್ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅಂಚು ತಣ್ಣಗಾದರೂ ನಡುವಿನ ಗಡ್ಡೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಮಾರನೇ ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಅಷ್ಟನ್ನೂ ಮುಗಿಸಿ.

"ನಮ್ಮಜ್ಜಿ ತಂಗಳನ್ನ ತಿಂದೇ ಗಟ್ಟಿಯಾಗಿದ್ದರು" ಅಂತ ಹೇಳುವವರು ಸಿಗುತ್ತಾರೆ. ನನ್ನ ಅಜ್ಜಿಯೂ ತಿನ್ನುತ್ತಿದ್ದರು. ಅವರು ಅನ್ನಕ್ಕೆ ಮುಳುಗುವಷ್ಟು ನೀರು ಹಾಕಿ, ಹುಳಿ ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಅದು ಹುಳಿ ಏರುತ್ತದೆ, ಆ ಹುಳಿ ಬಹಳಷ್ಟು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಕುಕ್ಕರ್‌ನಲ್ಲಿ ಮುಚ್ಚಿಟ್ಟ ಒಣ ಅನ್ನಕ್ಕೆ ಆ ರಕ್ಷಣೆ ಇಲ್ಲ.

ಬೂಷ್ಟು ಹಿಡಿದಿದ್ದರೆ

ಬ್ರೆಡ್‌ನ ಒಂದು ಚೂರಿನ ಮೇಲೆ ಹಸಿರು ಚುಕ್ಕೆ ಕಂಡರೆ ಇಡೀ ಪ್ಯಾಕ್ ಎಸೆಯಿರಿ. ಕಾಣುವುದು ಮೇಲಿನ ಪುಡಿ ಮಾತ್ರ, ಎಳೆಗಳು ಮೆತ್ತನೆಯ ಪದಾರ್ಥದಲ್ಲಿ ಒಳಗೆ ಓಡಿರುತ್ತವೆ. ಮೂಗಿಗೆ ಹಿಡಿದು ಮೂಸಬೇಡಿ. ಉಪ್ಪಿನಕಾಯಿ, ಜ್ಯಾಮ್, ತುರಿದ ತೆಂಗಿನಕಾಯಿ, ಚಟ್ನಿಪುಡಿ ಎಲ್ಲಕ್ಕೂ ಇದೇ. ಮೇಲಿನದು ತೆಗೆದು ಕೆಳಗಿನದು ಬಳಸುವ ಅಭ್ಯಾಸ ಬಿಡಿ.

ಕಡಲೆಕಾಯಿ ಬೀಜ ಮತ್ತು ಮೆಕ್ಕೆಜೋಳದ ಬೂಷ್ಟನ್ನು ನಾನು ಎಲ್ಲಕ್ಕಿಂತ ಜಾಸ್ತಿ ಹೆದರಿ ನೋಡುತ್ತೇನೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಅವಕ್ಕೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿದ್ದ ವಿಷಕ್ಕೆ ಆಮೇಲೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಕಡೆಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬೀಜ ಸುಕ್ಕಾಗಿ, ಬಣ್ಣಗೆಟ್ಟು, ಹಳದಿ ಹಸಿರು ಪುಡಿ ಹತ್ತಿದ್ದರೆ ಆರಿಸಿಕೊಂಡು ಕೂರಬೇಡಿ. ಡಬ್ಬಿ ಪೂರ್ತಿ ಖಾಲಿ ಮಾಡಿ.

ತೆಂಗಿನಕಾಯಿ ಒಡೆದಾಗ ಕೆಟ್ಟಿದ್ದರೆ ದೇವರ ಮುಂದೆ ಮನಸ್ಸು ಕೆಡುತ್ತದೆ ನಿಜ, ಆದರೆ ನೀರನ್ನು ಮಾತ್ರ ಬಾಯಿಗೆ ಹಾಕಬೇಡಿ. 2021ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಡೆನ್ಮಾರ್ಕ್‌ನಲ್ಲಿ ಒಬ್ಬರು ಸುಮಾರು ಒಂದು ತಿಂಗಳು ಹೊರಗಿದ್ದ ಕಾಯಿಯ ನೀರು ಸ್ವಲ್ಪವೇ ಕುಡಿದು, ಅದರಲ್ಲಿದ್ದ ಬೂಷ್ಟಿನ ವಿಷದಿಂದ ತೀರಿಕೊಂಡರು.

ಒಣ ಸಾಮಾನು: ಹುಳ, ಮುಗ್ಗಲು, ಕಮಟು

ಈಗ ಆ ರವೆ. ಬ್ಯಾಕ್ಟೀರಿಯಾಕ್ಕೆ ನೀರು ಬೇಕು, ಒಣ ರವೆಯಲ್ಲಿ ಅದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ತೇವ, ಹುಳ, ಬೂಷ್ಟು. ಪೊಟ್ಟಣ ತೂತಾಗಿರಲಿಲ್ಲ, ಒಳಗಡೆ ಬೆವರಿರಲಿಲ್ಲ. ಮೊರಕ್ಕೆ ಸುರಿದು ಬೆಳಕಿಗೆ ಹಿಡಿದೆ. ಕಾಳು ಬಿಡಿಬಿಡಿಯಾಗಿ ಜಾರುತ್ತಿತ್ತು. ಜೇಡರ ಬಲೆಯ ಹಾಗೆ ನೂಲು ಕಟ್ಟಿರಲಿಲ್ಲ, ಗಂಟು ಇರಲಿಲ್ಲ, ಮುಗ್ಗಲು ವಾಸನೆ ಇರಲಿಲ್ಲ. ಎರಡು ಸಣ್ಣ ಹುಳ ಮಾತ್ರ ಸಿಕ್ಕವು. ಜರಡಿ ಹಿಡಿದು, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಆರಿಸಿ ಡಬ್ಬಿಗೆ ತುಂಬಿದೆ. ಆ ವಾರ ಎರಡು ಸಲ ಉಪ್ಪಿಟ್ಟಾಯಿತು. ನೂಲು, ಗಂಟು, ಮುಗ್ಗಲು ಇವುಗಳಲ್ಲಿ ಒಂದಿದ್ದರೂ ಎಸೆಯುತ್ತಿದ್ದೆ.

ಎಣ್ಣೆ, ತುಪ್ಪ, ಹುರಿದ ತಿಂಡಿ ಕೆಡುವುದು ಕಮಟು ಬಂದು. ಒಂದು ತುತ್ತಿಗೆ ಯಾರೂ ಕಾಯಿಲೆ ಬೀಳುವುದಿಲ್ಲ, ಆದರೂ ತಿನ್ನುವ ವಸ್ತುವಲ್ಲ.

ಮೊಟ್ಟೆಯನ್ನು ನೀರಿಗೆ ಹಾಕಿ ನೋಡುವ ಪರೀಕ್ಷೆ ವಯಸ್ಸನ್ನು ಹೇಳುತ್ತದೆ. ಹಳೆಯದಾದಂತೆ ಒಳಗಿನ ಗಾಳಿಗೂಡು ದೊಡ್ಡದಾಗಿ ತೇಲುತ್ತದೆ. ಮುಳುಗಿದ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ತೇಲಿದ್ದನ್ನು ಎಸೆಯಿರಿ, ಮುಳುಗಿದ್ದನ್ನು ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ.

ತಿನ್ನುವವರು ಯಾರು?

ಮೇಲೆ ಹೇಳಿದ ಸಡಿಲಿಕೆಗಳೆಲ್ಲಾ ಗಟ್ಟಿಮುಟ್ಟಾದ ದೊಡ್ಡವರಿಗೆ. ಮನೆಯಲ್ಲಿ ಬಸುರಿ, ಸಣ್ಣ ಮಗು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಫ್ರಿಜ್ ಪದಾರ್ಥದ ಡೇಟ್ ಮುಗಿದರೆ ಮುಗಿಯಿತು. ಲಿಸ್ಟೀರಿಯಾ ಬಸುರಿಗೆ ಬರೀ ಸಣ್ಣ ಜ್ವರದ ಹಾಗೆ ಬಂದು ಹೊಟ್ಟೆಯೊಳಗಿನ ಮಗುವಿನ ಜೀವ ತೆಗೆಯಬಲ್ಲದು. ಮಗುವಿನ ಹಾಲಿನಪುಡಿಯ ಡೇಟ್ ಒಂದು ದಿನ ದಾಟಿದರೂ ಬಳಸಬೇಡಿ.

ತಿಂದಾಗಿದೆ, ಈಗ?

ಗಾಬರಿ ಬೇಡ, ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಹಳ ಸಲ ಏನೂ ಆಗುವುದಿಲ್ಲ. ಕೆಲವೇ ಗಂಟೆಯಲ್ಲಿ ವಾಂತಿ ಬಂದರೆ ಆಹಾರದಲ್ಲಿ ಮೊದಲೇ ಇದ್ದ ವಿಷದ ಕೆಲಸ ಇರಬಹುದು. ಸಾಲ್ಮೊನೆಲ್ಲಾ ಆದರೆ ಆರು ಗಂಟೆಯಿಂದ ಆರು ದಿನದವರೆಗೆ ಯಾವಾಗ ಬೇಕಾದರೂ ಶುರುವಾಗಬಹುದು. ವಾಂತಿ ಭೇದಿ ಆದರೆ ಪೂರ್ತಿ ಅಳತೆಯ ಒಂದು ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ.

ಭೇದಿಯಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ನೀರೂ ನಿಲ್ಲದಷ್ಟು ವಾಂತಿ, ಉಚ್ಚೆ ತೀರಾ ಕಡಿಮೆ, ಮೂರು ದಿನ ಆದರೂ ನಿಲ್ಲದ ಭೇದಿ ಇದ್ದರೆ ಡಾಕ್ಟರ ಹತ್ತಿರ ಹೋಗಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅವರನ್ನು ಕೇಳದೆ ಕೊಡಬೇಡಿ. ಮಗು, ಬಸುರಿ, ವಯಸ್ಸಾದವರಾದರೆ ಇಷ್ಟು ಹೊತ್ತು ಕಾಯಲೇಬೇಡಿ. ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಿ.

ಹೋಗುವಾಗ ಆ ಪೊಟ್ಟಣವನ್ನು ಕವರ್‌ನಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಕಸದ ಗಾಡಿಗೆ ಹೋಗಿಬಿಟ್ಟಿದ್ದರೆ, ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಜೊತೆಗೆ ಇನ್ನು ಯಾರು ತಿಂದರು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.